ಒಂದು ಕೋಟಿಯ ಪಾಲಿಸಿ ಬೇಕಾ?

ಪ್ರಶ್ನೆ: ಮೇಡಂ, ನಮ್ಮದು ವೈಟ್‌ಫೀಲ್ಡ್‌ನಲ್ಲಿ ಸ್ವಂತ ವಿಲ್ಲಾ. ನನಗೆ 46, ನಮ್ಮ ಯಜಮಾನರಿಗೆ 51, ಮಗನಿಗೆ 19. ಇವರು ಇನ್ನೆರಡು ತಿಂಗಳಲ್ಲಿ ಐಟಿ ಕೆಲಸ ಬಿಟ್ಟು ಸ್ವಂತ ಕನ್ಸಲ್ಟಿಂಗ್ ಶುರು ಮಾಡುತ್ತಾರೆ. ಇಷ್ಟು ದಿನ ಕಂಪನಿಯ ಹೆಲ್ತ್ ಇನ್ಶೂರೆನ್ಸ್ ಇತ್ತು, ತಲೆ ಕೆಡಿಸಿಕೊಂಡಿರಲಿಲ್ಲ. ಇವರು ಎಂಟು ವರ್ಷದಿಂದ ಬಿಪಿ ಮಾತ್ರೆ ತಗೊಳ್ತಿದ್ದಾರೆ. "ಒಂದು ಮಾತ್ರೆ ತಾನೇ, ಫಾರಂನಲ್ಲಿ ಬರೆಯೋದು ಬೇಡ, ಐದು ವರ್ಷ ಕಳೆದರೆ ಯಾರೂ ಕೇಳಲ್ಲ" ಅಂತಾರೆ ಏಜೆಂಟ್. ಹಾಸನದ ವಿಳಾಸ ಕೊಟ್ಟರೆ ಪ್ರೀಮಿಯಂ ಕಡಿಮೆಯಂತೆ. ಪಕ್ಕದ ಮನೆಯವರು ಒಂದು ಕೋಟಿಯ ಪಾಲಿಸಿ ಮಾಡಿಸಿದ್ದಾರೆ, ನಮಗೂ ಅಷ್ಟು ಬೇಕಾ?
– ಹೆಸರು ಬೇಡ, ಬೆಂಗಳೂರು

ಉತ್ತರ: ಪಕ್ಕದ ಮನೆಯವರನ್ನು ಆಮೇಲೆ ನೋಡೋಣ. ಮೊದಲು ಆ ಎರಡು ತಿಂಗಳು. ಕಂಪನಿಯ ಕವರ್ ಸಾಮಾನ್ಯವಾಗಿ ಕೆಲಸದ ಕೊನೇ ದಿನಕ್ಕೇ ಮುಗಿಯುತ್ತದೆ. ಹೊಸ ಪಾಲಿಸಿಯಲ್ಲಿ ಅಪಘಾತ ಬಿಟ್ಟು ಬೇರೆ ಕಾಯಿಲೆಗೆ ಮೊದಲ 30 ದಿನ ಏನೂ ಸಿಗುವುದಿಲ್ಲ. ಹಾಗಾಗಿ ಕೆಲಸ ಇರುವಾಗಲೇ ಪಾಲಿಸಿ ಮಾಡಿಸಿ, ಆ 30 ದಿನ ಕಂಪನಿಯ ನೆರಳಿನಲ್ಲೇ ಕಳೆದುಹೋಗಲಿ. ಇನ್ನೊಂದು, ಕಂಪನಿಯ ಗ್ರೂಪ್ ಪಾಲಿಸಿ ಯಾವ ವಿಮಾ ಸಂಸ್ಥೆಯದು ಅಂತ ಎಚ್‌ಆರ್ ಹತ್ತಿರ ಕೇಳಲು ಹೇಳಿ. ಅದೇ ಸಂಸ್ಥೆಯ ಸ್ವಂತ ಪಾಲಿಸಿಗೆ ದಾಟಿಕೊಂಡರೆ ಮೊದಲೇ ಇರುವ ಕಾಯಿಲೆಗೆ ಕಾಯಿಸುವ ಅವಧಿಯಲ್ಲಿ, ಇಷ್ಟು ವರ್ಷ ಗ್ರೂಪ್ ಪಾಲಿಸಿಯಲ್ಲಿ ಇದ್ದದ್ದು ಲೆಕ್ಕಕ್ಕೆ ಬರುತ್ತದೆ. ಕೆಲಸ ಬಿಟ್ಟಮೇಲೆ ಕೇಳಿದರೆ ಕಷ್ಟ.

ಈಗ ಬಿಪಿ ಮಾತ್ರೆ. ನಿಮ್ಮ ಏಜೆಂಟ್ ಹೇಳಿದ್ದು ಅರ್ಧ ನಿಜ, ಅದಕ್ಕೇ ಜಾಸ್ತಿ ಅಪಾಯ. 2024ರಲ್ಲಿ ವಿಮಾ ಕಂಪನಿಗಳ ಮೇಲೆ ನಿಗಾ ಇಡುವ ಐಆರ್‌ಡಿಎಐ ನಿಯಮ ಬದಲಾಯಿತು. ಸತತ 60 ತಿಂಗಳು ಪ್ರೀಮಿಯಂ ಕಟ್ಟಿದ ಮೇಲೆ "ನೀವು ಇದನ್ನು ಹೇಳಿರಲಿಲ್ಲ" ಅಂತ ಕ್ಲೇಮ್ ತಳ್ಳಿಹಾಕುವ ಹಾಗಿಲ್ಲ. ಆದರೆ ಮೋಸ ಅಂತ ಸಾಬೀತು ಮಾಡಿದರೆ ಆ ರಕ್ಷಣೆ ಇಲ್ಲ. ಬೇಕಂತಲೇ ಮುಚ್ಚಿಟ್ಟಿದ್ದು ಮೋಸ ಅಲ್ಲ ಅಂತ ವಾದಿಸಲು ಆಗ ಏಜೆಂಟ್ ಬರುವುದಿಲ್ಲ, ಮೇಡಂ. ಗೊತ್ತಾಗುವುದು ಹೇಗೆ ಅಂತೀರಾ? ಆಸ್ಪತ್ರೆಗೆ ಸೇರಿಸುವಾಗ ಡ್ಯೂಟಿ ಡಾಕ್ಟರ್ ಕೇಳುತ್ತಾರೆ, "ಬಿಪಿ ಇದೆಯಾ? ಎಷ್ಟು ವರ್ಷದಿಂದ?" ಎದೆನೋವಲ್ಲಿ ಮಲಗಿರುವ ಮನುಷ್ಯ ಸುಳ್ಳು ಹೇಳುತ್ತಾನಾ, "ಎಂಟು ವರ್ಷ ಆಯ್ತು ಡಾಕ್ಟ್ರೇ" ಅನ್ನುತ್ತಾನೆ. ಅದು ಕೇಸ್ ಶೀಟ್‌ನ ಮೊದಲ ಪುಟದಲ್ಲೇ ಬರುತ್ತದೆ. ವಿಮಾ ಕಂಪನಿಯವರು ಮೊದಲು ಓದುವುದೂ ಆ ಪುಟವನ್ನೇ. ಬರೆದುಬಿಡಿ. ಮೊದಲೇ ಇರುವ ಕಾಯಿಲೆಗೆ ಈಗ ಹೆಚ್ಚೆಂದರೆ 3 ವರ್ಷ ಕಾಯಿಸಬಹುದು, ಮೊದಲು 4 ಇತ್ತು. ಒಂದಿಷ್ಟು ಜಾಸ್ತಿ ದುಡ್ಡಿಗೆ ಅದನ್ನೂ ಕಡಿಮೆ ಮಾಡುವ ಪಾಲಿಸಿಗಳಿವೆ.

ಹಾಸನದ ವಿಳಾಸ ಬೇಡ. ಕೆಲವು ಪಾಲಿಸಿಗಳಲ್ಲಿ ಊರಿನ ಪ್ರಕಾರ ಝೋನ್ ಇರುತ್ತದೆ. ಅಗ್ಗದ ಝೋನ್‌ನಲ್ಲಿ ಕೊಂಡು ಬೆಂಗಳೂರಿನಲ್ಲಿ ಚಿಕಿತ್ಸೆ ಪಡೆದರೆ ಬಿಲ್ಲಿನ ಒಂದು ಪಾಲು ನಿಮ್ಮದು. ಆ ಪಾಲು ಶೇಕಡಾ 20 ಅಂದುಕೊಳ್ಳಿ, 6 ಲಕ್ಷದ ಬಿಲ್ಲಿಗೆ 1,20,000 ಕೈಯಿಂದ ಹೋಯಿತು. ಇರುವುದು ವೈಟ್‌ಫೀಲ್ಡ್, ಆಂಬುಲೆನ್ಸ್ ಹೋಗುವುದು ಪಕ್ಕದ ಆಸ್ಪತ್ರೆಗೆ, ಹಾಸನಕ್ಕಲ್ಲ ಅಲ್ವಾ.

ಇನ್ನು ಆ ಒಂದು ಕೋಟಿ. ಮೊತ್ತ ನೋಡುವ ಮೊದಲು ರೂಮ್ ಬಾಡಿಗೆಯ ಸಾಲು ಹುಡುಕಿ. ನಮ್ಮ ಭಾವನವರದು 5 ಲಕ್ಷದ ಪಾಲಿಸಿ, ರೂಮಿಗೆ ದಿನಕ್ಕೆ ಶೇಕಡಾ 1, ಅಂದರೆ 5,000. ರಾತ್ರಿ ಹನ್ನೊಂದಕ್ಕೆ ಸೇರಿಸಿದೆವು. ಕೌಂಟರಿನ ಹುಡುಗ "ಸಿಂಗಲ್ ರೂಮ್ ಮಾತ್ರ ಖಾಲಿ ಇದೆ, ಹತ್ತು ಸಾವಿರ" ಅಂದ. ಮೇಲಿನ ಐದು ಸಾವಿರ ತಾನೇ, ನಾಲ್ಕು ದಿನಕ್ಕೆ 20,000 ಕೊಟ್ಟರಾಯಿತು ಅಂತ ಸಹಿ ಹಾಕಿದೆ. ಬಿಲ್ ಬಂದಾಗ ಸರ್ಜನ್, ಅನಸ್ತೇಶಿಯಾ, ಥಿಯೇಟರ್, ನರ್ಸಿಂಗ್ ಎಲ್ಲ ಸೇರಿ 1,60,000 ಇತ್ತು. ಅದರಲ್ಲೂ ಸರಿಯಾಗಿ ಅರ್ಧಕ್ಕೆ ಕತ್ತರಿ! ರೂಮು ದೊಡ್ಡದಾದಷ್ಟೂ ಆಸ್ಪತ್ರೆ ಈ ಚಾರ್ಜುಗಳನ್ನೂ ಏರಿಸುತ್ತದೆ. ಹಾಗಾಗಿ ರೂಮಿಗೆ ಎಷ್ಟು ಪಾಲು ಕೊಡುತ್ತಾರೋ ಇವಕ್ಕೂ ಅಷ್ಟೇ ಪಾಲು. ಔಷಧಿ, ಇಂಪ್ಲಾಂಟ್, ಟೆಸ್ಟ್‌ಗಳ ಬಿಲ್ಲಿಗೆ ಈ ಕತ್ತರಿ ಇಲ್ಲ, ಅದೊಂದು ಪುಣ್ಯ. ಒಟ್ಟು ಒಂದು ಲಕ್ಷ ಕೈಬಿಟ್ಟಿತು. ಕಂಪನಿಯದೇನೂ ತಪ್ಪಿಲ್ಲ, ಓದದೆ ಸಹಿ ಹಾಕಿದ್ದು ನಾನು. ನಿಮ್ಮ ಕಡೆಯ ಆಸ್ಪತ್ರೆಗಳಲ್ಲಿ ನೀವು ಸಿಂಗಲ್ ರೂಮೇ ಕೇಳುತ್ತೀರಿ, ಸುಮ್ನೆ ಒಪ್ಪಿಕೊಳ್ಳಿ. ರೂಮ್ ಬಾಡಿಗೆಗೆ ಮಿತಿ ಇಲ್ಲದ, ಕನಿಷ್ಠ ಸಿಂಗಲ್ ರೂಮ್ ಕೊಡುವ ಪಾಲಿಸಿಯನ್ನೇ ತಗೊಳ್ಳಿ.

ದೊಡ್ಡ ಮೊತ್ತ ಬೇಕೇ ಬೇಕು ಅಂದರೆ 10 ಲಕ್ಷದ ಮೂಲ ಪಾಲಿಸಿ, ಅದರ ಮೇಲೆ 10 ಲಕ್ಷ ದಾಟಿದ ಮೇಲೆ ಕೊಡುವ ಸೂಪರ್ ಟಾಪ್‌ಅಪ್ ನೋಡಿ. ಸಾಮಾನ್ಯವಾಗಿ ಒಂದೇ ದೊಡ್ಡ ಪಾಲಿಸಿಗಿಂತ ಅಗ್ಗ. ಬರೀ ಟಾಪ್‌ಅಪ್ ಅಲ್ಲ, ಸೂಪರ್ ಅನ್ನುವ ಪದ ಇರಲೇಬೇಕು. ಒಂದೇ ವರ್ಷದಲ್ಲಿ 6 ಲಕ್ಷದ ಬಿಲ್ ಎರಡು ಸಲ ಬಂತು ಅನ್ನಿ. ಟಾಪ್‌ಅಪ್ ಒಂದೊಂದು ಬಿಲ್ಲನ್ನೂ ಬೇರೆ ಬೇರೆ ನೋಡುತ್ತದೆ, ಯಾವುದೂ 10 ದಾಟಿಲ್ಲ ಅಂತ ಕೈ ಎತ್ತುತ್ತದೆ. ಸೂಪರ್ ಟಾಪ್‌ಅಪ್ ಎರಡನ್ನೂ ಕೂಡಿಸಿ ಮೇಲಿನ 2 ಲಕ್ಷ ಕೊಡುತ್ತದೆ.

ಮೂವರಿಗೂ ಒಂದೇ ಫ್ಲೋಟರ್, ಅಂದರೆ ಒಂದೇ ಮೊತ್ತವನ್ನು ಮನೆಯವರೆಲ್ಲ ಹಂಚಿಕೊಳ್ಳುವ ಪಾಲಿಸಿ ಮಾಡಿದರೆ ಮನೆಯಲ್ಲಿ ಹಿರಿಯರ ವಯಸ್ಸು ನೋಡಿಯೇ ಪ್ರೀಮಿಯಂ ಹಾಕುತ್ತಾರೆ. ನಾನಾಗಿದ್ದರೆ ಯಜಮಾನರಿಗೆ ಪ್ರತ್ಯೇಕ, ನಿಮಗೂ ಮಗನಿಗೂ ಇನ್ನೊಂದು ಮಾಡಿಸುತ್ತಿದ್ದೆ. ಎರಡೂ ರೀತಿ ಕೊಟೇಶನ್ ತರಿಸಿ. 2025ರ ಸೆಪ್ಟೆಂಬರ್ 22ರಿಂದ ಸ್ವಂತ ಆರೋಗ್ಯ ಪಾಲಿಸಿಗೆ ಜಿಎಸ್‌ಟಿ ಇಲ್ಲ, ಮೊದಲು ಶೇಕಡಾ 18 ಇತ್ತು. ಕೊಟೇಶನ್‌ನಲ್ಲಿ ಅದು ಕಂಡರೆ ಹಳೇ ಹಾಳೆ ಕೊಟ್ಟಿದ್ದಾರೆ ಅಂತಲೇ ಅರ್ಥ.

ಪ್ರಶ್ನೆ: ಸದಾಶಿವನಗರದಲ್ಲಿರುವ ನಮ್ಮ ತಂದೆಗೆ 68. ಈ ವಯಸ್ಸಿನಲ್ಲಿ ಪಾಲಿಸಿ ಕೊಡುತ್ತಾರಾ?

ಉತ್ತರ: ಕೊಡುತ್ತಾರೆ. 65 ದಾಟಿದವರಿಗೆ ಬಾಗಿಲು ಮುಚ್ಚುವ ಪದ್ಧತಿ 2024ರ ಏಪ್ರಿಲ್‌ಗೆ ಹೋಯಿತು. ಹಾಗಂತ ಎಲ್ಲರೂ ಕರೆದು ಕೊಡುವುದಿಲ್ಲ. ಮೆಡಿಕಲ್ ಟೆಸ್ಟ್ ಇರುತ್ತದೆ, ಕೋ-ಪೇ, ಅಂದರೆ ಬಿಲ್ಲಿನ ಒಂದು ಪಾಲು ನೀವೇ ಕೊಡುವ ಷರತ್ತು ಕೂಡ ಇರಬಹುದು. 60 ದಾಟಿದವರ ಪ್ರೀಮಿಯಂ ಅನ್ನು ಐಆರ್‌ಡಿಎಐ ಜೊತೆ ಮಾತಾಡದೆ ವರ್ಷಕ್ಕೆ ಶೇಕಡಾ 10ಕ್ಕಿಂತ ಜಾಸ್ತಿ ಏರಿಸಬಾರದು ಅಂತ 2025ರ ಜನವರಿಯಿಂದ ನಿಯಮ ಇದೆ. ಅವರ ಹೆಸರಿನಲ್ಲಿ ಈಗಾಗಲೇ ಹಳೇ ಪಾಲಿಸಿ ಇದ್ದರೆ ಬಿಡಬೇಡಿ, ಬೇರೆ ಕಂಪನಿ ಬೇಕೆಂದರೆ ಅದನ್ನೇ ಅಲ್ಲಿಗೆ ಪೋರ್ಟ್ (ವರ್ಗಾವಣೆ) ಮಾಡಿಸಿ. ರಿನ್ಯೂವಲ್‌ಗೆ 45 ದಿನ ಮೊದಲೇ ಅರ್ಜಿ ಹಾಕಿ.

ಪ್ರಶ್ನೆ: ಡಿಸ್ಚಾರ್ಜ್ ದಿನ ಬೆಳಗ್ಗೆಯಿಂದ ಸಂಜೆವರೆಗೆ ಕೂರಿಸಿದರು. ಆಮೇಲೆ ಕ್ಲೇಮ್ ಅರ್ಧ ಕೊಟ್ಟರು. ಯಾರಿಗೆ ಹೇಳುವುದು?

ಉತ್ತರ: ಆಸ್ಪತ್ರೆಯಿಂದ ಕೊನೇ ಬಿಲ್ ಹೋದ ಮೂರು ಗಂಟೆಯೊಳಗೆ ವಿಮಾ ಕಂಪನಿ ಉತ್ತರ ಕೊಡಬೇಕು. ತಡವಾಗಿ ಆಸ್ಪತ್ರೆ ಹೆಚ್ಚು ಹಣ ಹಾಕಿದರೆ ಅದೂ ಕಂಪನಿಯ ತಲೆಗೇ. ಬಿಲ್ ಎಷ್ಟು ಗಂಟೆಗೆ ಕಳಿಸಿದರು ಅಂತ ಆಸ್ಪತ್ರೆಯಿಂದ ಬರೆಸಿಕೊಳ್ಳಿ. ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಬಂದರೂ ಒಪ್ಪಿಗೆಯಾಗದಿದ್ದರೆ ಇಂಥ ದೂರುಗಳನ್ನು ಬಗೆಹರಿಸುವ ವಿಮಾ ಓಂಬುಡ್ಸ್‌ಮನ್ ಹತ್ತಿರ ಹೋಗಿ. ಬೆಂಗಳೂರಿನ ಕಚೇರಿ ಜೆ.ಪಿ. ನಗರ ಮೊದಲ ಹಂತದ ಜೀವನ್ ಸೌಧದಲ್ಲಿದೆ. ಶುಲ್ಕ ಇಲ್ಲ, ವಕೀಲರೂ ಬೇಡ. ಕಡಿತದ ವಿವರ ಇರುವ ಕಂಪನಿಯ ಪತ್ರವನ್ನು ಮಾತ್ರ ಮರೆಯದೆ ಲಗತ್ತಿಸಿ.