ಅಮೆರಿಕದಲ್ಲಿ ಸೌದಿ ರಾಯಭಾರಿ ರೀಮಾ ಬಿಂತ್ ಬಂದರ್ ರಾಜಮನೆತನದ ಬಲದಿಂದಲೇ ಮೇಲೆ ಬಂದವರಾ?

ಮನೆತನದ ಬಲ ಇಲ್ಲ ಅಂದರೆ ಸುಳ್ಳಾಗುತ್ತದೆ. ತಾಯಿಯ ತಂದೆ ದೊರೆ ಫೈಸಲ್. ತಂದೆ ಬಂದರ್ ಬಿನ್ ಸುಲ್ತಾನ್ 1983ರಿಂದ 2005ರವರೆಗೆ ವಾಷಿಂಗ್ಟನ್‌ನಲ್ಲಿ ಇದೇ ರಾಯಭಾರಿ ಕುರ್ಚಿಯಲ್ಲಿ ಕೂತವರು, ಹಾಗಾಗಿ ರೀಮಾ ಬೆಳೆದದ್ದು ಓದಿದ್ದು ಬಹುಪಾಲು ಅಲ್ಲೇ. ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಮ್ಯೂಸಿಯಂ ಅಧ್ಯಯನದ ಪದವಿ.

ಆದರೆ ನನಗೆ ಕುತೂಹಲ ಅನ್ನಿಸುವುದು ಅವರ ಅಂಗಡಿಯ ಕತೆ. ರಿಯಾದ್‌ನಲ್ಲಿ ಹಾರ್ವಿ ನಿಕೋಲ್ಸ್ ಅಂತ ದುಬಾರಿ ಬಟ್ಟೆ ಮಳಿಗೆ. ಅದನ್ನು ನಡೆಸುತ್ತಿದ್ದ ಕಂಪನಿಗೆ ಇವರು ಸಿಇಒ. ಆಗೆಲ್ಲ ಸೌದಿಯಲ್ಲಿ ಹೆಂಗಸರ ಬಟ್ಟೆ, ಮೇಕಪ್ ಮಾರುತ್ತಿದ್ದವರೂ ಜಾಸ್ತಿ ಗಂಡಸರೇ, ವಿಚಿತ್ರ ಅಲ್ವಾ! ರೀಮಾ ಮಹಿಳೆಯರನ್ನು ಕೆಲಸಕ್ಕೆ ತಂದರು. ಸುಮ್ನೆ ಕೆಲಸ ಕೊಟ್ಟರೆ ಸಾಕಾಗಲಿಲ್ಲ. ಆಗ ಹೆಂಗಸರು ಕಾರು ಓಡಿಸುವಂತಿರಲಿಲ್ಲ, ಆ ನಿಷೇಧ ಹೋಗಿದ್ದೇ 2018ರಲ್ಲಿ. ಡ್ರೈವರ್‌ಗೆ ಕೊಡುವ ದುಡ್ಡಲ್ಲೇ ಸಂಬಳದ ದೊಡ್ಡ ಪಾಲು ಕರಗಿದರೆ ಯಾರು ತಾನೇ ಬರುತ್ತಾರೆ? ಹಾಗಾಗಿ ಓಡಾಟಕ್ಕೆ ಭತ್ಯೆ ಕೊಟ್ಟರು, ಮಕ್ಕಳನ್ನು ಬಿಡಲು ಮಳಿಗೆಯಲ್ಲೇ ಶಿಶುವಿಹಾರ ಮಾಡಿದರು.

2016ರಲ್ಲಿ ಸರ್ಕಾರದ ಕ್ರೀಡಾ ಪ್ರಾಧಿಕಾರಕ್ಕೆ ಬಂದು ಮಹಿಳಾ ಕ್ರೀಡೆಯ ಹೊಣೆ ಹೊತ್ತರು. 2019ರ ಫೆಬ್ರವರಿಯಲ್ಲಿ ರಾಯಭಾರಿಯಾಗಿ ನೇಮಕ, ಸೌದಿ ಇತಿಹಾಸದಲ್ಲಿ ಆ ಹುದ್ದೆ ಪಡೆದ ಮೊದಲ ಮಹಿಳೆ. ಸೌದಿ ಆಡಳಿತವನ್ನು ಟೀಕಿಸುತ್ತಿದ್ದ ಪತ್ರಕರ್ತ ಜಮಾಲ್ ಖಶೋಗ್ಗಿ ಸೌದಿ ಏಜೆಂಟರ ಕೈಯಲ್ಲಿ ಕೊಲೆಯಾಗಿ ಕೆಲವೇ ತಿಂಗಳು, ಅಮೆರಿಕದಲ್ಲಿ ಸೌದಿ ಹೆಸರು ಪೂರ್ತಿ ಕೆಟ್ಟಿದ್ದ ಹೊತ್ತು. ಮುಖ ಉಳಿಸಿಕೊಳ್ಳಲು ಮಾಡಿದ ನೇಮಕ ಅಂತ ಟೀಕಿಸಿದವರೂ ಇದ್ದರು, ಅದರಲ್ಲಿ ಹುರುಳಿಲ್ಲ ಅಂತ ನಾನು ಹೇಳಲಾರೆ. 2020ರಿಂದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯಲ್ಲೂ ಸದಸ್ಯೆ.