ಡಿಕ್ಕಿಯೊಳಗಿನ ಡಬ್ಬಿ: ನಿಮ್ಮ ಪ್ರಶ್ನೆ, ನನ್ನ ಉತ್ತರ

ಪ್ರಶ್ನೆ: ನನ್ನದು ಹಳೇ ಆಲ್ಟೋ. 10 ಇಂಚಿನ ಸಬ್‌ವೂಫರ್ (ತಗ್ಗು ಸ್ವರಕ್ಕೆಂದೇ ಇರುವ ಸ್ಪೀಕರ್) ತಂದಿಟ್ಟು ತಿಂಗಳಾಯಿತು. ರೆಡಿಮೇಡ್ ಬಾಕ್ಸ್ ಬೇಡ, ನಮ್ಮ ಓಣಿಯ ಬಡಿಗೇರರ ಕಡೆ ಮಾಡಿಸೋಣ ಅಂತ ಇದ್ದೇನೆ. ಅವರು ಅಳತೆ ಬರೆದುಕೊಡಿ ಅನ್ನುತ್ತಿದ್ದಾರೆ. ಗೆಳೆಯರು ಬಾಕ್ಸಿಗೆ ಪೈಪ್ ಇಡಿಸು, ಸೌಂಡ್ ಜಾಸ್ತಿ ಬರುತ್ತದೆ ಅನ್ನುತ್ತಿದ್ದಾರೆ. ನಾನು ಕೇಳುವುದು ಹಿಂದೂಸ್ತಾನಿ, ಸ್ವಲ್ಪ ಸಿನಿಮಾ ಹಾಡು. ಏನು ಮಾಡಲಿ?
– ಓದುಗರು, ಗದಗ

ಉತ್ತರ: ಅಳತೆ ಬರೆಯುವಾಗ 'ಒಳಗಿನ ಅಳತೆ' ಅಂತ ಮೇಲೆ ದಪ್ಪಗೆ ಬರೆಯಿರಿ. ಈ ಎರಡು ಪದ ಬರೆಯದೆ ನಾನೊಂದು ಬಾಕ್ಸ್ ಕೆಡಿಸಿದ್ದೇನೆ.

ಹಳೇ ಹುಬ್ಬಳ್ಳಿಯಲ್ಲಿ ನನ್ನ ರೇಡಿಯೋ ರಿಪೇರಿ ಅಂಗಡಿ ಇದ್ದಾಗಿನ ಮಾತು. ನನ್ನ ಕಾರಿಗೆ ಅಂತ ಚೀಟಿಯಲ್ಲಿ 36, 30, 20 ಸೆಂಟಿಮೀಟರ್ ಎಂದು ಗೀಚಿ ಕೊಟ್ಟೆ. ಮೂರನ್ನೂ ಗುಣಿಸಿ ಸಾವಿರದಿಂದ ಭಾಗಿಸಿದರೆ 21.6 ಲೀಟರ್. ನನಗೆ ಬೇಕಿದ್ದದ್ದೂ ಅಷ್ಟೇ. ಬಡಿಗೇರರು ಅದನ್ನು ಹೊರಗಿನ ಅಳತೆ ಅಂದುಕೊಂಡು 18 ಎಂ.ಎಂ. ಹಲಗೆ ಕೊಯ್ದರು. ಎರಡು ಬದಿಯ ಹಲಗೆ ಸೇರಿ ಪ್ರತಿ ಅಳತೆಯಲ್ಲೂ 3.6 ಸೆಂಟಿಮೀಟರ್ ಹೋಯಿತು. ಒಳಗೆ ಉಳಿದದ್ದು ಬರೀ 14 ಲೀಟರ್! ಅವರದೇನೂ ತಪ್ಪಿಲ್ಲ. 'ಸಾಹೇಬ್ರ, ಚೀಟ್ಯಾಗ ಇದ್ದಷ್ಟ ಕೊಯ್ದೇನ್ರಿ' ಅಂದರು, ನಾನು ಸುಮ್ಮನಾದೆ.

ಆದರೂ ಆಸೆ ಬಿಡಬೇಕಲ್ಲ. ಅದನ್ನೇ ಕಾರಿಗೆ ಹಾಕಿಕೊಂಡು ಉಣಕಲ್ ಕೆರೆತನಕ ಹೋಗಿ ಬಂದೆ. ತಬಲಾದ ಡಗ್ಗಾ ಒಂದೊಂದು ಏಟಿಗೆ ಒಂದೊಂದು ರೀತಿ ಮಾತಾಡಬೇಕಲ್ವಾ? ಇಲ್ಲಿ ಎಲ್ಲದಕ್ಕೂ ಒಂದೇ 'ಬುಂ'. ಖಾಲಿ ಬ್ಯಾರಲ್ಲಿಗೆ ಯಾರೋ ಒದ್ದ ಹಾಗೆ. ಯಾಕೆಂದರೆ ಮುಚ್ಚಿದ ಬಾಕ್ಸಿನ ಗಾಳಿ ಸ್ಪ್ರಿಂಗ್ ಇದ್ದಂತೆ. ಬಾಕ್ಸ್ ಚಿಕ್ಕದಾದಷ್ಟೂ ಸ್ಪ್ರಿಂಗ್ ಬಿಗಿ. ಆಗ ತೀರಾ ಕೆಳಗಿನ ಸ್ವರ ಸೊರಗುತ್ತದೆ, ಅದರ ಮೇಲೆ ಒಂದು ಕಡೆ ಸದ್ದು ಉಬ್ಬಿಕೊಳ್ಳುತ್ತದೆ.

ನಿಮ್ಮ ಸಬ್‌ವೂಫರ್ ಜೊತೆ ಬಂದ ಕಾಗದ ಬಿಸಾಡಿಲ್ಲ ತಾನೇ? ಮುಚ್ಚಿದ ಬಾಕ್ಸಿಗೆ ಎಷ್ಟು ಲೀಟರ್ ಅಂತ ಅದರಲ್ಲೇ ಇರುತ್ತದೆ. ಆ ಲೆಕ್ಕದ ಬುನಾದಿ ಹಾಕಿದವರು ಥೀಲ್ ಎಂಬ ಆಸ್ಟ್ರೇಲಿಯಾದ ಎಂಜಿನಿಯರ್, 1961ರಲ್ಲಿ. ಆಮೇಲೆ ಸ್ಮಾಲ್ ಎಂಬವರು ಅದನ್ನು ಬೆಳೆಸಿದರು. ಕಾಗದದಲ್ಲಿ 20 ಲೀಟರ್ ಅಂತಿದ್ದರೆ ನನ್ನ ಚೀಟಿಯ ಅಳತೆಯೇ ನಿಮಗೂ ಆಗುತ್ತದೆ. ಸ್ಪೀಕರಿನ ಮ್ಯಾಗ್ನೆಟ್ಟು, ಬುಟ್ಟಿಯಂಥ ಚೌಕಟ್ಟು ಒಂದೂವರೆ ಲೀಟರ್‌ನಷ್ಟು ಜಾಗ ತಿನ್ನುತ್ತವೆ, ಅದಕ್ಕೇ 21.6. ಬೇರೆ ಅಂಕಿ ಇದ್ದರೆ 20 ಸೆಂಟಿಮೀಟರ್ ಆಳವನ್ನು ಹೆಚ್ಚುಕಮ್ಮಿ ಮಾಡಿಕೊಳ್ಳಿ.

ಒಳಗೆ 36, 30, 20 ಉಳಿಯಬೇಕಾದರೆ ಬಡಿಗೇರರು ಕೊಯ್ಯಬೇಕಾದ ಹಲಗೆಗಳ ಚೀಟಿ ಹೀಗಿರಲಿ. ಮುಂದೆ ಹಿಂದೆ ಎರಡು ಹಲಗೆ, 39.6 ಗುಣಿಸು 33.6. ಮೇಲೆ ಕೆಳಗೆ ಎರಡು, 39.6 ಗುಣಿಸು 20. ಪಕ್ಕಕ್ಕೆ ಎರಡು, 30 ಗುಣಿಸು 20. ಎಲ್ಲಾ ಸೆಂಟಿಮೀಟರ್. 18 ಎಂ.ಎಂ. ಎಂ.ಡಿ.ಎಫ್. (ಮರದ ನಾರನ್ನು ಅಂಟು ಹಾಕಿ ಒತ್ತಿ ಮಾಡಿದ) ಹಲಗೆಯ 4 ಅಡಿಗೆ 2 ಅಡಿ ತುಂಡು ಸಾಕು. ಪೂರ್ತಿ ಶೀಟ್ ತಗೊಳ್ಳಿ ಅಂದರೆ ಕೇಳಬೇಡಿ. ಎಂ.ಡಿ.ಎಫ್. ಅಂಚಿಗೆ ನೇರವಾಗಿ ಸ್ಕ್ರೂ ಹಾಕಿದರೆ ಸೀಳುತ್ತದೆ. ಮೊದಲು ಸಣ್ಣ ತೂತು ಕೊರೆಸಿ, ಫೆವಿಕಾಲ್ ಧಾರಾಳ ಹಚ್ಚಿಸಿ, ಒಂದು ದಿನ ಒಣಗಲು ಬಿಡಿ.

ಇನ್ನು ಗಾಳಿ ಸೋರಿಕೆ. ನನ್ನ ಕೇಳಿದರೆ ಅಳತೆ ಅರ್ಧ ಲೀಟರ್ ಆಚೀಚೆಯಾದರೂ ಪರವಾಗಿಲ್ಲ, ಸೋರಿಕೆ ಮಾತ್ರ ಕೂಡದು. ಒಳಗಿನ ಸಂದಿಗೆಲ್ಲಾ ಸಿಲಿಕಾನ್ ಹಚ್ಚಿ. ಹುಳಿ ವಾಸನೆ ಬರುತ್ತದಲ್ಲ, ಆ ಜಾತಿಯದಾದರೆ ಪೂರ್ತಿ ಒಣಗಿ ವಾಸನೆ ಹೋಗುವತನಕ ಸ್ಪೀಕರ್ ಕೂರಿಸಬೇಡಿ. ಆ ಹೊಗೆ ಸ್ಪೀಕರಿನ ಅಂಟಿಗೆ ಆಗದು. ಎಲ್ಲಾ ಮುಗಿದ ಮೇಲೆ 30 ಹರ್ಟ್ಜ್ (ಸೆಕೆಂಡಿಗೆ 30 ಕಂಪನ) ಸದ್ದು ಸಣ್ಣಗೆ ಹಾಕಿ, ಹೊತ್ತಿಸಿದ ಊದುಬತ್ತಿಯನ್ನು ಸಂದಿಗಳ ಉದ್ದಕ್ಕೂ ಹಿಡಿದು ನೋಡಿ. ಎಲ್ಲಿ ಹೊಗೆ ನಡುಗುತ್ತದೋ ಅಲ್ಲಿ ತೂತಿದೆ. ನಮ್ಮ ಮನೆಯವರು ಇದನ್ನು ನೋಡಿ 'ಇದಕ್ಕೂ ಪೂಜಾ ಸುರು ಮಾಡಿದ್ರಿ?' ಅಂದಿದ್ದರು. ಎರಡು ಕಡೆ ಹೊಗೆ ನಡುಗಿತು. ಅದರಲ್ಲಿ ಒಂದು, ಸ್ಪೀಕರ್ ತಂತಿ ಹೊರಬರುವ ತೂತು. ಅದನ್ನು ಎಲ್ಲರೂ ಮರೆಯುತ್ತಾರೆ.

ಪೈಪಿನ ವಿಚಾರ. ನಿಮ್ಮ ಗೆಳೆಯರು ಸುಳ್ಳು ಹೇಳಿಲ್ಲ. ಪೈಪ್ ಇದ್ದರೆ ಸದ್ದು ನಿಜಕ್ಕೂ ಜಾಸ್ತಿ. ಆದರೆ ಬಾಕ್ಸ್ ದೊಡ್ಡದಾಗಬೇಕು, ಪೈಪಿನ ಅಗಲ ಉದ್ದ ಎರಡಕ್ಕೂ ಲೆಕ್ಕ ಬೇಕು. ಮನೆಯಲ್ಲಿ ಉಳಿದ ಪಿ.ವಿ.ಸಿ. ತುಂಡು ತುರುಕಿದರೆ ಆಗುವುದಿಲ್ಲ. ಪೈಪ್ ಹೊಂದಿಸಿದ ಸ್ವರಕ್ಕಿಂತ ಕೆಳಗೆ ಹೋದರೆ ಕೋನನ್ನು (ಸ್ಪೀಕರಿನ ಕುಣಿಯುವ ಮುಖವನ್ನು) ಹಿಡಿಯಲು ಒಳಗಿನ ಗಾಳಿ ಇರುವುದಿಲ್ಲ, ಅದು ಮಿತಿ ಮೀರಿ ಕುಣಿದು ಹರಿಯಬಹುದು. ನೀವು ಸಂಗೀತ ಕಲಿಸುವ ವೀರೇಶ್ವರ ಪುಣ್ಯಾಶ್ರಮದ ಊರಿನವರು, ಕೇಳುವುದು ಹಿಂದೂಸ್ತಾನಿ. ಕಪ್ಪು ಒಂದಕ್ಕೆ (ಹಾರ್ಮೋನಿಯಂನ ಮೊದಲ ಕಪ್ಪು ಮನೆಗೆ) ಶ್ರುತಿ ಮಾಡಿದ ತಂಬೂರಿಯ ಖರ್ಜ, ಅಂದರೆ ಅತಿ ತಗ್ಗಿನ ತಂತಿ ಸುಮಾರು 69 ಹರ್ಟ್ಜ್. ಆಂಪ್ಲಿಫೈಯರಿನಲ್ಲಿ ಕ್ರಾಸ್‌ಓವರ್ (ಯಾವ ಸ್ವರದಿಂದ ಕೆಳಗಿನದು ಸಬ್‌ವೂಫರಿಗೆ ಅಂತ ಹೇಳುವ ಗುಬುಟು) 80ಕ್ಕೆ ಇಟ್ಟರೆ ಅದು ನಿಮ್ಮ ಸಬ್‌ವೂಫರಿಗೇ ಬರುತ್ತದೆ. ಮುಚ್ಚಿದ ಬಾಕ್ಸಿನಲ್ಲಿ ಅದು ಬಿಗಿಯಾಗಿ, ತಡವರಿಸದೆ ಕೇಳುತ್ತದೆ. ಪೈಪ್ ಬೇಡ.

ಡಿಕ್ಕಿಯಲ್ಲಿ ಬಾಕ್ಸನ್ನು ಸುಮ್ನೆ ಇಡಬೇಡಿ, ಬೋಲ್ಟ್ ಹಾಕಿ. ಜೋರಾಗಿ ಬ್ರೇಕ್ ಒತ್ತಿದರೆ ಅದು ಹಿಂದಿನ ಸೀಟಿನವರ ಬೆನ್ನಿಗೇ ಬರುತ್ತದೆ. ಕೊರೆಯುವ ಮೊದಲು ಕಾರಿನ ಕೆಳಗೆ ಬಗ್ಗಿ ನೋಡಿ, ಅಲ್ಲಿ ಪೆಟ್ರೋಲ್ ಟ್ಯಾಂಕ್, ಬ್ರೇಕ್ ಪೈಪ್ ಇರುತ್ತವೆ. ಎಂ.ಡಿ.ಎಫ್. ನೀರು ಕುಡಿದರೆ ಉಬ್ಬುತ್ತದೆ. ಮಳೆಗಾಲದಲ್ಲಿ ಡಿಕ್ಕಿಗೆ ನೀರು ಬರುವ ಗಾಡಿಯಾದರೆ ಪ್ಲೈವುಡ್ಡೇ ವಾಸಿ.

ಪ್ರಶ್ನೆ: 300 ವಾಟ್ ಆಂಪ್ಲಿಫೈಯರಿಗೆ ಫ್ಯೂಸ್ ಬೇಕೇ ಬೇಕಾ? ಅಂಗಡಿಯವರು ಆಂಪ್ಲಿಫೈಯರಿನಲ್ಲೇ ಇದೆ ಅಂದರು.
– ವಿದ್ಯಾರ್ಥಿ, ರಾಣೆಬೆನ್ನೂರು

ಉತ್ತರ: ಬೇಕೇ ಬೇಕು. ಅದರಲ್ಲಿರುವುದು ಆಂಪ್ಲಿಫೈಯರನ್ನು ಕಾಯುತ್ತದೆ. ಬ್ಯಾಟರಿಯಿಂದ ಡಿಕ್ಕಿತನಕ ಹೋಗುವ ತಂತಿಯನ್ನು ಕಾಯುವವರು ಯಾರು? ಅದು ಎಲ್ಲಾದರೂ ಉಜ್ಜಿ ಕಾರಿನ ತಗಡಿಗೆ ತಾಗಿದರೆ ಗಾಡಿಗೇ ಬೆಂಕಿ. ಬ್ಯಾಟರಿಯಿಂದ ಒಂದು ಮೊಳದೊಳಗೆ ಫ್ಯೂಸ್ ಇರಲಿ. ಲೆಕ್ಕ ಸುಲಭ. ಕರೆಂಟ್ ಕಡಿಮೆ ಪೋಲು ಮಾಡುವ ಕ್ಲಾಸ್ ಡಿ ಜಾತಿಯ ಆಂಪ್ಲಿಫೈಯರಾದರೆ 300 ವಾಟ್ ಕೊಡಲು ಸುಮಾರು 375 ವಾಟ್ ಎಳೆಯುತ್ತದೆ. 13.8 ವೋಲ್ಟಿಗೆ ಅದು 27 ಆಂಪಿಯರ್. ಅಲ್ಲಿಗೆ 30ರ ಫ್ಯೂಸ್, 10 ಚದರ ಎಂ.ಎಂ. ತಾಮ್ರದ ತಂತಿ. ಎಳೆಯನ್ನು ಚಾಕುವಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಬಳಿದ ಅಲ್ಯೂಮಿನಿಯಂ, ವಾಪಸ್ ಕೊಡಿ.

ಪ್ರಶ್ನೆ: ಆಕ್ಸಿಲರೇಟರ್ ಒತ್ತಿದಂತೆಲ್ಲಾ ಸ್ಪೀಕರಿನಲ್ಲಿ 'ಕುಂಯ್' ಅನ್ನುತ್ತದೆ. ಸ್ಪೀಕರ್ ಬದಲಿಸಬೇಕಾ?
– ಓದುಗರು, ಧಾರವಾಡ

ಉತ್ತರ: ಬೇಡ. ಅದು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಸದ್ದು. ಆಂಪ್ಲಿಫೈಯರಿನ ಅರ್ಥ್ ತಂತಿ ಬಿಗಿದ ಜಾಗದಲ್ಲಿ ಪೇಂಟ್ ಕೆರೆದು ತಗಡು ಹೊಳೆಯುವಂತೆ ಮಾಡಿ, ಮತ್ತೆ ಬಿಗಿಯಿರಿ. ಹೋಗದಿದ್ದರೆ ಆಡಿಯೋ ತಂತಿಯನ್ನು ಪವರ್ ತಂತಿಯಿಂದ ಬಿಡಿಸಿ, ಗಾಡಿಯ ಇನ್ನೊಂದು ಬದಿಯಿಂದ ತನ್ನಿ.