ಮಷೀನಿಗಿಂತ ಮೊದಲು ಒಬ್ಬ ಸಿಸ್ಟರ್

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಹಾವೇರಿ ಜಿಲ್ಲೆಯ ಒಂದು ತಾಲ್ಲೂಕು ಊರಲ್ಲಿ ಪ್ರಸೂತಿ ತಜ್ಞೆ, ಸಣ್ಣ ನರ್ಸಿಂಗ್ ಹೋಂ ನಡೆಸುತ್ತಿದ್ದೇನೆ. ಬಿಪಿ, ಶುಗರ್ ಇರುವವರು, ಎರಡು ಸಿಸೇರಿಯನ್ ಆದವರು, ಅವಳಿ ಗರ್ಭದವರು ಈಗ ಜಾಸ್ತಿ ಬರುತ್ತಿದ್ದಾರೆ. ಇವರಿಗೇ ಅಂತ ಹೈರಿಸ್ಕ್ ಕ್ಲಿನಿಕ್ ಶುರು ಮಾಡುವ ಆಸೆ. ಸಾಲ ಮಾಡಿ ದೊಡ್ಡ ಸ್ಕ್ಯಾನಿಂಗ್ ಮಷೀನ್ ತರಲಾ? ಹೆಚ್ಚಿಗೆ ಕಲಿಯಲು ಪ್ರಾಕ್ಟೀಸ್ ಬಿಟ್ಟು ಹೋಗಲೇಬೇಕಾ?

ಉತ್ತರ: ಸಾಲ ಆಮೇಲೆ ಮಾಡಿ ಡಾಕ್ಟರೇ. ಮೊದಲು ಈ ಕೆಲಸಕ್ಕೇ ಅಂತ ಒಬ್ಬ ಅನುಭವಿ ಸಿಸ್ಟರನ್ನು ಇಟ್ಟುಕೊಳ್ಳಿ. ಅವರ ಕೈಗೆ ಒಂದು ರಿಜಿಸ್ಟರ್, ಒಂದು ಮೊಬೈಲ್ ಕೊಡಿ.

ಯಾಕೆ ಹೇಳುತ್ತೇನೆ ಅಂದರೆ, ಮೂವತ್ತನೇ ವಾರದಲ್ಲಿ ಬಿಪಿ 150/100 ಇದ್ದವಳನ್ನು ನೀವು ಹಿಡಿದಿರುತ್ತೀರಿ, ಮಾತ್ರೆ ಬರೆದು ಮೂರು ದಿನ ಬಿಟ್ಟು ಬಾ ಅಂದಿರುತ್ತೀರಿ, ಆಕೆ ಬರುವುದಿಲ್ಲ, ಬರಲಿಲ್ಲ ಅನ್ನುವುದು ಎಂಬತ್ತು ಜನರ ಓಪಿಡಿಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ನಿಮ್ಮ ಕಡೆ ಕುಬಸ ಮುಗಿದ ಮೇಲೆ ಹುಡುಗಿ ತವರಿಗೆ ಹೋಗುತ್ತಾಳೆ. ನಿಮ್ಮ ಫೈಲಿನಲ್ಲಿ ಇರುವುದು ಗಂಡನ ನಂಬರು, ಅವನು ದುಡಿಯಲು ಗೋವಾದಲ್ಲಿ ಇರುತ್ತಾನೆ. ಅದಕ್ಕೇ ಮೊದಲ ಭೇಟಿಯಲ್ಲೇ ತವರಿನ ನಂಬರು, ತವರಿನ ಊರು, ಎರಡೂ ಕಡೆಯ ಆಶಾ ಕಾರ್ಯಕರ್ತೆಯ ನಂಬರು ಬರೆಸಿಕೊಳ್ಳಿ. ಪ್ರತಿ ದಿನ ಸಂಜೆ ಸಿಸ್ಟರ್ ರಿಜಿಸ್ಟರ್ ನೋಡಬೇಕು, ಇವತ್ತು ಬರಬೇಕಿದ್ದವರಲ್ಲಿ ಯಾರು ಬಂದಿಲ್ಲವೋ ಅವರಿಗೆ ಫೋನ್ ಮಾಡಬೇಕು. ಹೆರಿಗೆ ಆದ ಕೂಡಲೇ ಹೆಸರು ಹೊಡೆದು ಹಾಕಬೇಡಿ. ಬಿಪಿ ಇದ್ದವರಿಗೆ ಹೆರಿಗೆಯಾದ ಮೇಲೂ ಫಿಟ್ಸ್ ಬರಬಹುದು ಅಂತ ನಿಮಗೆ ನಾನು ಹೇಳಬೇಕಿಲ್ಲ, ಆದರೆ ಆ ಹೊತ್ತಿಗೆ ಎಲ್ಲರ ಗಮನವೂ ಮಗುವಿನ ಮೇಲೆ ಇರುತ್ತದೆ. ಮೊದಲ ಮೂರು ದಿನದೊಳಗೆ ಒಮ್ಮೆ, ಏಳರಿಂದ ಹತ್ತು ದಿನದೊಳಗೆ ಇನ್ನೊಮ್ಮೆ ಬಿಪಿ ನೋಡುವ ತಾರೀಖನ್ನು ಅದೇ ಸಾಲಿನಲ್ಲಿ ಬರೆದಿಡಿ.

ಸರ್ಕಾರದ ವ್ಯವಸ್ಥೆಯನ್ನು ಬೇರೆ ಅಂದುಕೊಳ್ಳಬೇಡಿ. 2016ರಿಂದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಲ್ಲಿ ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ಉಚಿತ ತಪಾಸಣೆ ನಡೆಯುತ್ತಿದೆ. ಹೈರಿಸ್ಕ್ ಇದ್ದವರ ಕಾರ್ಡಿಗೆ ಕೆಂಪು ಸ್ಟಿಕ್ಕರ್ ಹಚ್ಚುತ್ತಾರೆ. ನಿಮ್ಮ ಹತ್ತಿರ ಬಂದವರ ತಾಯಿ ಕಾರ್ಡ್ ಕೇಳಿ ನೋಡಿ, ನೀವು ನೋಡಿದ ಬಿಪಿ, ಶುಗರನ್ನೂ ಅದರಲ್ಲೇ ಬರೆಯಿರಿ. ಖಾಸಗಿ ತಜ್ಞರೂ ಆ ದಿನ ಸ್ವಯಂಸೇವೆ ಮಾಡಬಹುದು. ತಿಂಗಳಿಗೆ ಒಂದು ಬೆಳಿಗ್ಗೆ ತಾಲ್ಲೂಕು ಆಸ್ಪತ್ರೆಗೆ ಹೋಗಿ ಕೂತರೆ ಅಲ್ಲಿಯ ಸ್ಟಾಫ್, ಆಶಾಗಳು ಎಲ್ಲರೂ ಪರಿಚಯ ಆಗುತ್ತಾರೆ. ರಾತ್ರಿ ಒಂದು ಗಂಟೆಗೆ ಸಹಾಯ ಬೇಕಾದಾಗ ಆ ಪರಿಚಯವೇ ಕೆಲಸಕ್ಕೆ ಬರುವುದು.

ಎರಡನೆಯದು, ನೀವು ಏನನ್ನು ಇಟ್ಟುಕೊಳ್ಳುವುದಿಲ್ಲ ಅಂತ ಮೊದಲೇ ಬರೆದಿಡಿ. ಹಳೆಯ ಸಿಸೇರಿಯನ್ ಗಾಯದ ಮೇಲೆ ಮಾಸು ಕೂತಿರುವವರು, ಹೃದಯದ ಕಾಯಿಲೆ ಇರುವವರು, ನಿಮ್ಮಲ್ಲಿ ಎನ್ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಇಲ್ಲದಿದ್ದರೆ 34 ವಾರಕ್ಕೂ ಮೊದಲು ಹೆರಿಗೆ ಆಗುವ ಲಕ್ಷಣ ಇರುವವರು, ಇವರೆಲ್ಲ ಹುಬ್ಬಳ್ಳಿ ಕಿಮ್ಸ್‌ಗೋ ದಾವಣಗೆರೆಗೋ ಮಗು ಹೊಟ್ಟೆಯಲ್ಲಿ ಇರುವಾಗಲೇ ಹೋಗಬೇಕು. ಹುಟ್ಟಿದ ಮೇಲೆ ಒಂದೂವರೆ ಕಿಲೋ ಮಗುವನ್ನು ಆಂಬುಲೆನ್ಸ್‌ನಲ್ಲಿ ಕಳಿಸುವುದಕ್ಕಿಂತ ಅದು ಎಷ್ಟೋ ಸುರಕ್ಷಿತ. ಕಳಿಸುವ ಮೊದಲು, ಹೆರಿಗೆ ಬೇಗ ಆಗುವಂತಿದ್ದರೆ ಮಗುವಿನ ಶ್ವಾಸಕೋಶ ಬಲಿಯಲು ಕೊಡುವ ಡೆಕ್ಸಾಮೆಥಾಸೋನ್‌ನ ಮೊದಲ ಡೋಸ್, ತೀವ್ರ ಬಿಪಿ ಇದ್ದರೆ ಫಿಟ್ಸ್ ತಡೆಯುವ ಮ್ಯಾಗ್‌ಸಲ್ಫ್ ಲೋಡಿಂಗ್ ಡೋಸ್ ಕೊಟ್ಟು, ಎಷ್ಟು ಗಂಟೆಗೆ ಕೊಟ್ಟಿರಿ ಅಂತ ದೊಡ್ಡದಾಗಿ ಬರೆದು ಕಳಿಸಿ. ಸುಮ್ನೆ ‘ಹೆಚ್ಚಿನ ಚಿಕಿತ್ಸೆಗೆ’ ಅಂತ ಚೀಟಿ ಬರೆದು 108 ಹತ್ತಿಸುವುದು ರೆಫರಲ್ ಅಲ್ಲ. ಅಲ್ಲಿಯ ಲೇಬರ್ ವಾರ್ಡಿಗೆ ನೀವೇ ಫೋನ್ ಮಾಡಿ ಹೇಳಬೇಕು. ಆಕೆ ತಲುಪಿದಳಾ ಅಂತ ನಿಮ್ಮ ಸಿಸ್ಟರ್ ಮತ್ತೆ ಕೇಳಬೇಕು.

ಈಗ ಕಲಿಕೆಯ ವಿಷಯ. ಈ ವಿಷಯದಲ್ಲೇ ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಎರಡು ವರ್ಷದ ಫೆಲೋಶಿಪ್ ಇದೆ, ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ್ದೂ ಇದೆ. ಮನೆಯಲ್ಲಿ ಅನುಕೂಲ ಇದ್ದರೆ ಖಂಡಿತ ಹೋಗಿ. ಆಗದಿದ್ದರೆ ಬೇಜಾರು ಬೇಡ. ಪ್ರೊಫೆಸರ್ ನಿಕೊಲೈಡಿಸ್ ಅವರು ಕಟ್ಟಿದ ಲಂಡನ್ನಿನ ಫೀಟಲ್ ಮೆಡಿಸಿನ್ ಫೌಂಡೇಶನ್ ಆನ್‌ಲೈನ್ ಕೋರ್ಸ್‌ಗಳನ್ನು ಉಚಿತವಾಗಿ ಕೊಡುತ್ತದೆ, 11ರಿಂದ 13 ವಾರದ ಸ್ಕ್ಯಾನಿನ ಕೋರ್ಸನ್ನು ಅಲ್ಲಿಂದಲೇ ಶುರು ಮಾಡಿ. ಪ್ರಸೂತಿ ಸ್ಕ್ಯಾನಿಂಗ್ ತಜ್ಞರ ಅಂತರರಾಷ್ಟ್ರೀಯ ಸಂಸ್ಥೆ ಐಸುಆಗ್ ಕೊಡುವ ಮಾರ್ಗಸೂಚಿಗಳಿಗೂ ದುಡ್ಡಿಲ್ಲ. ಅಮೆರಿಕದ ಹೈರಿಸ್ಕ್ ತಜ್ಞರ ಸಂಘ, 1977ರಲ್ಲಿ ಶುರುವಾದ ಎಸ್‌ಎಂಎಫ್‌ಎಂ, ಅವರ ಚೆಕ್‌ಲಿಸ್ಟ್‌ಗಳನ್ನು ನೋಡಿ, ಆದರೆ ಹಾಗೇ ಅಂಟಿಸಬೇಡಿ, ನಿಮ್ಮಲ್ಲಿ ಸಿಗುವ ಔಷಧಿ, ನಿಮ್ಮಲ್ಲಿರುವ ಜನಕ್ಕೆ ತಕ್ಕಂತೆ ಕನ್ನಡದಲ್ಲಿ ಬರೆದು ಲೇಬರ್ ರೂಮಿನ ಗೋಡೆಗೆ ಹಾಕಿ. ಆಸ್ಪತ್ರೆಯ ಗುಣಮಟ್ಟಕ್ಕೆ ನಮ್ಮ ದೇಶದ ಪ್ರಸೂತಿ ತಜ್ಞರ ಒಕ್ಕೂಟ ಫಾಗ್ಸಿಯ ‘ಮಾನ್ಯತಾ’ ಇದೆ. ಅದರಲ್ಲಿ 16 ಕ್ಲಿನಿಕಲ್ ಮಾನದಂಡಗಳಿವೆ. ಸರ್ಟಿಫಿಕೇಟ್‌ಗಿಂತ ಅದರ ತಯಾರಿಯಲ್ಲಿ ಸಿಸ್ಟರ್‌ಗಳಿಗೆ ಆಗುವ ತರಬೇತಿಯೇ ನನಗೆ ಮುಖ್ಯ ಅನಿಸುತ್ತದೆ.

ಓದಿದ್ದು ಕೆಲಸಕ್ಕೆ ಬರುವುದು ಹೇಗೆ ಅಂತ ಒಂದು ಉದಾಹರಣೆ. 2017ರ ಆಸ್ಪ್ರೆ ಅಧ್ಯಯನದಲ್ಲಿ, ಅಪಾಯ ಜಾಸ್ತಿ ಅಂತ ಗುರುತಿಸಿದವರಿಗೆ ಮೂರನೇ ತಿಂಗಳ ಹೊತ್ತಿಗೆ ರಾತ್ರಿ 150 ಮಿ.ಗ್ರಾಂ ಆಸ್ಪಿರಿನ್ ಶುರು ಮಾಡಿ 36 ವಾರದವರೆಗೆ ಕೊಟ್ಟರು. 37 ವಾರಕ್ಕೂ ಮೊದಲೇ ಹೆರಿಗೆ ಮಾಡಿಸಬೇಕಾಗುವಂಥ ಪ್ರೀಎಕ್ಲಾಂಪ್ಸಿಯಾ (ಬಸುರಿನಲ್ಲಿ ಬಿಪಿ ಏರುವ ಅಪಾಯದ ಕಾಯಿಲೆ) ಶೇ. 62ರಷ್ಟು ಕಡಿಮೆಯಾಯಿತು. ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್, ರಕ್ತಪರೀಕ್ಷೆ ಇಲ್ಲದಿದ್ದರೂ ಹಿಂದಿನ ಹೆರಿಗೆಯಲ್ಲಿ ಬಿಪಿ ಇತ್ತಾ ಅಂತ ಕೇಳಲು, ಸರಿಯಾಗಿ ಬಿಪಿ ನೋಡಲು ಖರ್ಚಿಲ್ಲ ಅಲ್ವಾ? ಆದರೆ ಆಕೆ 16 ವಾರದೊಳಗೆ ನಿಮ್ಮ ಎದುರು ಕೂತಿರಬೇಕು.

ಸಿಸ್ಟರ್ ಸಂಬಳ ಎಲ್ಲಿಂದ ಅಂದರೆ, ವಾರಕ್ಕೆ ಒಂದು ಮಧ್ಯಾಹ್ನವನ್ನು ಹೈರಿಸ್ಕ್‌ನವರಿಗೇ ಇಡಿ, ಒಬ್ಬರಿಗೆ ಅರ್ಧ ಗಂಟೆ ಕೊಡಿ, ಅದಕ್ಕೆ ತಕ್ಕ ಫೀಸ್ ತಗೊಳ್ಳಿ. ಅದರಲ್ಲಿ ತಪ್ಪಿಲ್ಲ. ಎನ್ಐಸಿಯು ಬೇಕಾದರೆ ಎಷ್ಟಾಗಬಹುದು ಅಂತ ಏಳನೇ ತಿಂಗಳಲ್ಲೇ ಮನೆಯವರನ್ನು ಕೂರಿಸಿ ಹೇಳಿಬಿಡಿ. ಜಗಳಗಳು ಹುಟ್ಟುವುದು ಕೊನೆ ಗಳಿಗೆಯಲ್ಲಿ ಹೇಳುವ ಲೆಕ್ಕದಿಂದ.

ಇಷ್ಟು ನಿಂತ ಮೇಲೆ ಮಷೀನ್ ತನ್ನಿ. ಭ್ರೂಣಲಿಂಗ ಪತ್ತೆ ತಡೆಯುವ ಕಾಯ್ದೆಯಾದ ಪಿಸಿಪಿಎನ್‌ಡಿಟಿ ನೋಂದಣಿ ಇಲ್ಲದೆ ತರುವಂತಿಲ್ಲ. ಆ ಕಾಯ್ದೆಯ ಎಫ್ ಫಾರಂ ಪ್ರತಿ ಗರ್ಭಿಣಿಯ ಸ್ಕ್ಯಾನಿಗೂ ಬೇಕು, ತಿಂಗಳ ವರದಿ ಮುಂದಿನ ತಿಂಗಳ 5ರೊಳಗೆ ಹೋಗಬೇಕು, ದಾಖಲೆ ಎರಡು ವರ್ಷ ಇರಬೇಕು. ಫಾರಂ ತುಂಬುವುದನ್ನು ರಿಸೆಪ್ಷನ್‌ಗೆ ಬಿಟ್ಟರೂ ಸಹಿ ಮಾಡುವ ಮೊದಲು ನೀವೇ ಓದಿ.

ಪ್ರಶ್ನೆ: ಮೇಡಂ, ಗರ್ಭಿಣಿಯರು ಮನೆಯಲ್ಲಿ ಬಿಪಿ ನೋಡಿ ರಾತ್ರಿಯೆಲ್ಲ ವಾಟ್ಸಾಪ್ ಮಾಡುತ್ತಾರೆ. ನೋಡದೆ ಮಲಗಲು ಭಯ, ನೋಡುತ್ತಾ ಕೂತರೆ ನಿದ್ದೆ ಇಲ್ಲ. ಏನು ಮಾಡಲಿ? – ಪ್ರಸೂತಿ ತಜ್ಞೆ, ಶಿವಮೊಗ್ಗ

ಉತ್ತರ: ನಿಮ್ಮ ಸ್ವಂತ ನಂಬರನ್ನು ಇದಕ್ಕೆ ಕೊಡಬೇಡಿ. ಕ್ಲಿನಿಕ್ಕಿಗೆ ಬೇರೆ ನಂಬರು ಇರಲಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಸಿಸ್ಟರ್ ನೋಡುತ್ತಾರೆ, ರಾತ್ರಿ ಮೆಸೇಜ್ ಯಾರೂ ನೋಡುವುದಿಲ್ಲ ಅಂತ ಕನ್ನಡದಲ್ಲಿ ಅಚ್ಚು ಹಾಕಿಸಿ ಫೈಲಿಗೆ ಅಂಟಿಸಿ, ಓದಿ ಹೇಳಿ. ಅದರ ಕೆಳಗೇ ಮೆಸೇಜ್ ಮಾಡದೆ ನೇರ ಹೊರಟು ಬರಬೇಕಾದ ಕಾರಣಗಳು ಇರಲಿ: ಬಿಪಿ 160/110 ಮುಟ್ಟಿದರೆ, ತಲೆನೋವು ಬಿಡದಿದ್ದರೆ, ಕಣ್ಣು ಮಂಜಾದರೆ, ಮೇಲುಹೊಟ್ಟೆ ನೋವು, ರಕ್ತ ಹೋದರೆ, ಮಗುವಿನ ಓಡಾಟ ಕಡಿಮೆ ಅನಿಸಿದರೆ. ನೀವು ವಾಟ್ಸಾಪ್‌ನಲ್ಲಿ ಹೇಳಿದ ಔಷಧಿ ಬದಲಾವಣೆಯನ್ನು ಕೇಸ್ ಶೀಟಿನಲ್ಲೂ ಬರೆಯಿರಿ, 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯೂ ದಾಖಲೆ ಇಡಿ ಅನ್ನುತ್ತದೆ.

ರಾತ್ರಿಯ ಕರೆಗಳನ್ನು ಒಬ್ಬರೇ ಹೊರಬೇಡಿ. ನಿಮ್ಮ ಊರಲ್ಲಿ ಇನ್ನಿಬ್ಬರು ಪ್ರಸೂತಿ ತಜ್ಞರ ಜೊತೆ ಮಾತಾಡಿ ಸರದಿ ಹಾಕಿಕೊಳ್ಳಿ. ಪೇಶೆಂಟ್ ಅವರ ಕಡೆ ಹೋಗಿಬಿಡುತ್ತಾರೆ ಅನ್ನುವ ಭಯ ಮೂವರಿಗೂ ಇರುತ್ತದೆ, ಅದನ್ನು ಮೊದಲ ದಿನವೇ ಬಾಯಿಬಿಟ್ಟು ಹೇಳಿಕೊಳ್ಳಿ, ಸರದಿಯಲ್ಲಿ ನೋಡಿದವರನ್ನು ಬೆಳಿಗ್ಗೆ ವಾಪಸ್ ಕಳಿಸುವ ಒಪ್ಪಂದ ಮಾಡಿಕೊಳ್ಳಿ. ಮೂವರ ಹೈರಿಸ್ಕ್ ಪಟ್ಟಿಯನ್ನೂ ಸಂಜೆ ಏಳಕ್ಕೆ ಆ ದಿನದ ಸರದಿಯವರಿಗೆ ಕಳಿಸುವ ಕೆಲಸ ಸಿಸ್ಟರ್‌ಗೆ ಕೊಡಿ.